ಆಲೂಗಡ್ಡೆಯ ತವರಿಗೆ ಬಸ್ಸಿನಲ್ಲಿ

ಮೊದಲ ದಿನ: ಕುಸ್ಕೊ

ನಮ್ಮಪ್ಪ ಹಾಸನದ ಎಪಿಎಂಸಿ ಯಾರ್ಡಿನಿಂದ ಜಲಂಧರದ ಬಿತ್ತನೆ ಗಡ್ಡೆಯ ಮೂಟೆಗಳನ್ನು ಟೆಂಪೋಗೆ ಹೇರಿಸಿಕೊಂಡು ಊರಿಗೆ ತಂದ ಮೂರನೇ ವಾರಕ್ಕೆ ನಾನು ಪೆರುವಿನ ಕುಸ್ಕೊದಲ್ಲಿದ್ದೆ. ಶಾಂತಿಗ್ರಾಮದ ಕಡೆಯ ನಮ್ಮ ಹೊಲದಲ್ಲಿ ಆಲೂಗಡ್ಡೆ ಮೊಳಕೆ ಏಳುತ್ತಿತ್ತು. ಇಲ್ಲಿ ಆಗಲೇ ಕಿತ್ತು ಗುಡ್ಡೆ ಹಾಕಿದ್ದರು. ಭೂಮಧ್ಯರೇಖೆಯ ಆಚೆ ಜೂನ್ ಎಂದರೆ ಕಡುಚಳಿ, ಮಳೆಯ ಹನಿಯಿಲ್ಲ, ಆಲೂಗಡ್ಡೆಗೆ ಸುಗ್ಗಿ.

ಮಾಚು ಪಿಚು ಹಿಂದಿನ ದಿನವೇ ನೋಡಿ ಬಂದಿದ್ದೆ. ಅದರ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ನನ್ನನ್ನು ಇಷ್ಟು ದೂರ ಎಳೆದು ತಂದದ್ದು ಗಡ್ಡೆ. ಟಿಟಿಕಾಕಾ ಸರೋವರದ ಸುತ್ತಲಿನ ಎತ್ತರದ ಬಯಲಿನಲ್ಲಿ ಸುಮಾರು 8 ಸಾವಿರ ವರ್ಷಗಳ ಹಿಂದೆ ಜನ ಕಾಡುಗಡ್ಡೆಯನ್ನು ಪಳಗಿಸಿ ಆಲೂಗಡ್ಡೆ ಮಾಡಿದರು ಎಂದು ಕಾಲೇಜಿನಲ್ಲಿ ಓದಿದಂದಿನಿಂದ ಆ ಮಣ್ಣನ್ನು ಒಮ್ಮೆ ಮುಟ್ಟಬೇಕು ಅನ್ನಿಸಿತ್ತು. ನಾನು ಆರನೇ ತರಗತಿಯಲ್ಲಿದ್ದಾಗ ಒಂದೇ ವಾರದಲ್ಲಿ ಅಂಗಮಾರಿ ಬಂದು ನಮ್ಮ ಇಡೀ ಹೊಲ ಸುಟ್ಟಂತೆ ಕಪ್ಪಾಯಿತು. ಅಪ್ಪ ಬದುವಿನ ಮೇಲೆ ಕೂತು ಒಂದು ಎಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ನಮಗೆ ಅನ್ನ ಕೊಡುವುದೂ ಅದೇ, ಕಿತ್ತುಕೊಳ್ಳುವುದೂ ಅದೇ. ಅದರ ತವರು ಹೇಗಿದೆ ಅಂತ ನೋಡಬೇಕಿತ್ತು.

ಸಾನ್ ಪೆದ್ರೊ ಮಾರುಕಟ್ಟೆಯಲ್ಲಿ ಒಂದು ಸಾಲಿನ ತುಂಬ ಆಲೂಗಡ್ಡೆಯೇ. ಹಳದಿ, ನೇರಳೆ, ಕೆಂಪು, ಕೊಯ್ದರೆ ಒಳಗೆ ಬಳೆಯಂತೆ ನೀಲಿ ಸುತ್ತು ಕಾಣುವಂಥದ್ದು, ಬೆರಳಿನಂತೆ ಉದ್ದನೆಯದು. ಆಂಡೀಸ್ ಬೆಟ್ಟಸಾಲಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ತಳಿಗಳಿವೆ. ನಾವು ಹಾಸನದಲ್ಲಿ ಬೆಳೆಯುವುದು ಒಂದೋ ಎರಡೋ, ಬಹುಮಟ್ಟಿಗೆ ಕುಫ್ರಿ ಜ್ಯೋತಿ. ಶುಂಠಿಗಿಂತ ಹೆಚ್ಚು ಗಂಟುಗಂಟಾದ ಒಂದು ಕರೀ ಗಡ್ಡೆಯನ್ನು ಮಾರುವಾಕೆ ನನ್ನ ಕೈಗಿಟ್ಟು ನಕ್ಕಳು. ಕೆಚುವಾ ಭಾಷೆಯಲ್ಲಿ ಅದರ ಹೆಸರು 'ಕಚುನ್ ವಕಾಚಿ', ಅಂದರೆ ಸೊಸೆಯನ್ನು ಅಳಿಸುವಂಥದ್ದು. ಮನೆಗೆ ಬರುವ ಸೊಸೆಗೆ ಇದರ ಸಿಪ್ಪೆ ತೆಗೆಯಲು ಕೊಡುತ್ತಿದ್ದರಂತೆ. ಸಿಪ್ಪೆಯ ಜೊತೆ ಗಡ್ಡೆಯೂ ಹೋಯಿತೋ, ಅತ್ತೆಯ ಮುಖ ಗಂಟಾಯಿತು ಅಂತಲೇ ಲೆಕ್ಕ. ಈ ಕಥೆಯನ್ನು ನಮ್ಮಮ್ಮನಿಗೆ ಹೇಳಲೇಬೇಕು ಅಂದುಕೊಂಡೆ.

ಅಲ್ಲಿಂದ ಹೊರಡುವ ಮುಂಚೆ ಬೊಲಿವಿಯಾ ವೀಸಾದ ಕೆಲಸ ಕುಸ್ಕೊದಲ್ಲೇ ಮುಗಿಸಿಕೊಂಡೆ. ಬೆಂಗಳೂರಲ್ಲಿ ಚುಚ್ಚಿಸಿಕೊಂಡ ಹಳದಿ ಜ್ವರದ ಲಸಿಕೆಯ ಕಾರ್ಡು ಪಾಸ್‌ಪೋರ್ಟಿನ ಜೊತೆಗೇ ಇರಲಿ. ಈ ದೇಶಗಳಿಂದ ಭಾರತಕ್ಕೆ ವಾಪಸ್ಸಾಗುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಅದನ್ನು ಕೇಳುತ್ತಾರೆ.

ಎರಡನೇ ದಿನ: ಲಾ ರಾಯಾ ದಾಟಿ ಪುನೊಗೆ

ಕುಸ್ಕೊದ ಬಸ್ ನಿಲ್ದಾಣದಲ್ಲಿ ಟಿಕೆಟ್ಟಲ್ಲದೆ ಹೊರಡುವ ಶುಲ್ಕ ಅಂತ ಬೇರೊಂದು ಚೀಟಿ ಕೊಳ್ಳಬೇಕು. ಒಂದೆರಡು ಸೋಲ್ ಚಿಲ್ಲರೆ ಜೇಬಿನಲ್ಲಿಲ್ಲದಿದ್ದರೆ ಬಸ್ಸು ಹೊರಡುವ ಹೊತ್ತಲ್ಲಿ ಮತ್ತೆ ಕೌಂಟರಿಗೆ ಓಡಬೇಕಾಗುತ್ತದೆ. ನಾನು ಓಡಿದೆ. 3,400 ಮೀಟರ್ ಎತ್ತರದಲ್ಲಿ ನೂರು ಹೆಜ್ಜೆ ಓಡಿದರೂ ಎದೆ ಡೊಳ್ಳಾಗುತ್ತದೆ.

ಪಕ್ಕದಲ್ಲಿ ಕೂತಿದ್ದವರು ಹುಲಿಯಾಕಾಗೆ ಹೊರಟಿದ್ದ ಹಿರಿಯರು. ಬಸ್ಸು ಊರು ಬಿಟ್ಟಕೂಡಲೇ ಒಂದು ಹಸಿರು ಚೀಲ ಬಿಚ್ಚಿ ಮೂರು ಕೋಕಾ ಎಲೆ ಆರಿಸಿದರು. ಬೀಸಣಿಗೆಯಂತೆ ಜೋಡಿಸಿ, ಕಿಟಕಿಯಾಚೆಯ ಬೆಟ್ಟದ ಕಡೆಗೆ ಮೆಲ್ಲಗೆ ಊದಿ, ಆಮೇಲೆ ಬಾಯಿಗಿಟ್ಟರು. ನನಗೂ ಮೂರು ಕೊಟ್ಟರು. ನಮ್ಮ ಕಡೆ ಎಲೆಡಿಕೆ ಕೊಡುವಾಗಿನ ಮರ್ಯಾದೆಯೇ ಅದರಲ್ಲಿತ್ತು, ಹಾಗಾಗಿ ಎರಡೂ ಕೈಯಲ್ಲಿ ತೆಗೆದುಕೊಂಡೆ. ಕಹಿ, ಒಗರು, ಸ್ವಲ್ಪ ಹೊತ್ತಿಗೆ ನಾಲಿಗೆ ಜೋಮು. ಎತ್ತರದ ತಲೆನೋವಿಗೆ ಇಲ್ಲಿಯವರೆಲ್ಲ ನಂಬುವುದು ಇದನ್ನೇ.

"ನಿಮ್ಮ ದೇಶದಲ್ಲೂ ಪಾಪಾ ಇದೆಯಾ?" ಅಂತ ಕೇಳಿದರು. ಪಾಪಾ ಅಂದರೆ ಕೆಚುವಾದಲ್ಲೂ ಇಲ್ಲಿನ ಸ್ಪ್ಯಾನಿಷಿನಲ್ಲೂ ಆಲೂಗಡ್ಡೆ. ನಮ್ಮ ಹೊಲದ ಫೋಟೊ ತೋರಿಸಿದೆ. ನಮ್ಮ ಕರಾವಳಿಯವರು ಬಟಾಟೆ ಅನ್ನುತ್ತಾರೆ, ಆ ಹೆಸರು ಪೋರ್ಚುಗೀಸರಿಂದ ಬಂದದ್ದು ಅಂತ ನನ್ನ ನಾಲ್ಕು ತಿಂಗಳ ಸ್ಪ್ಯಾನಿಷಿನಲ್ಲಿ ವಿವರಿಸಿದೆ. ಅವರು ಫೋನನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಸಾಲುಗಳ ನಡುವಿನ ಅಂತರ ಎಷ್ಟು ಅಂತ ಕೇಳಿದರು.

ಲಾ ರಾಯಾ ಕಣಿವೆಯ ನೆತ್ತಿ 4,335 ಮೀಟರ್. ಬಸ್ಸು ಹತ್ತು ನಿಮಿಷ ನಿಂತಿತು. ಚೀಲದಲ್ಲಿದ್ದ ಚಿಪ್ಸ್ ಪೊಟ್ಟಣ ಬಲೂನಿನಂತೆ ಊದಿ ಪಟ್ಟೆಂದು ಒಡೆದು, ಬಟ್ಟೆಗೆಲ್ಲ ಉಪ್ಪುಖಾರ ಮೆತ್ತಿಕೊಂಡಿತು. ಗಾಳಿ ಕಿವಿ ಕೊಯ್ಯುತ್ತಿತ್ತು. ಎದುರಿಗೆ ಹಿಮದ ಬೆಟ್ಟ, ಕೆಳಗೆ ಒಣಹುಲ್ಲಿನಲ್ಲಿ ಅಲ್ಪಾಕಾ ಮಂದೆ. ಇದು ನೀರು ಬೇರೆಯಾಗುವ ಜಾಗ. ಉತ್ತರಕ್ಕೆ ಬಿದ್ದ ಹನಿ ವಿಲ್ಕನೋಟಾ ನದಿ ಸೇರಿ ಕೊನೆಗೆ ಅಮೆಜಾನ್ ಆಗುತ್ತದೆ. ದಕ್ಷಿಣಕ್ಕೆ ಬಿದ್ದದ್ದು ಟಿಟಿಕಾಕಾ ಸೇರುತ್ತದೆ, ಸಮುದ್ರದ ಮುಖ ನೋಡುವುದೇ ಇಲ್ಲ. ಸಕಲೇಶಪುರದಿಂದ ಬಿಸಿಲೆಗೆ ಹೋಗುವ ದಾರಿಯಲ್ಲೂ ಇಂಥದ್ದೇ ಒಂದು ದಿಣ್ಣೆ ಇದೆ. ಒಂದು ಕಡೆಯ ಮಳೆ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಕಡೆಯದು ಬಂಗಾಳ ಕೊಲ್ಲಿಗೆ. ಚಿಕ್ಕಂದಿನಲ್ಲಿ ಅಲ್ಲಿ ಕಾಲು ಅಗಲಿಸಿ ನಿಂತಂತೆ ಇಲ್ಲೂ ನಿಂತೆ.

ಪುಕಾರಾ ಊರು ಬಂದಾಗ ಮನೆಗಳ ಮಾಡಿನ ತುದಿಯಲ್ಲಿ ಜೋಡಿ ಮಣ್ಣಿನ ಗೂಳಿಗಳು ಕಂಡವು. ಮನೆಗೆ ಒಳ್ಳೆಯದಾಗಲಿ ಅಂತ ಇಡುತ್ತಾರಂತೆ. ಕತ್ತಲಾಗುವ ಹೊತ್ತಿಗೆ ಪುನೊ. ಆ ರಾತ್ರಿ ತಲೆ ಸಿಡಿಯಿತು, ಎರಡು ಸಲ ವಾಂತಿಯಾಯಿತು. ತಂಗಿದ್ದ ಮನೆಯಾಕೆ ಮುನ್ಯಾ ಎಂಬ ಬೆಟ್ಟದ ಪುದೀನದಂಥ ಸೊಪ್ಪಿನ ಕಷಾಯ ಮಾಡಿ ತಂದು, ಲೋಟ ಖಾಲಿಯಾಗುವ ತನಕ ಬಾಗಿಲಲ್ಲೇ ನಿಂತಿದ್ದಳು. ಈ ದಾರಿಯಲ್ಲಿ ಬರುವವರು ಮೊದಲೆರಡು ದಿನ ಊಟ ಕಮ್ಮಿ, ನೀರು ಜಾಸ್ತಿ, ನಡಿಗೆ ನಿಧಾನ ಅಂತ ಇಟ್ಟುಕೊಳ್ಳಲೇಬೇಕು.

ಮೂರನೇ ದಿನ: ಆಕೋರಾದ ಹೊಲದಲ್ಲಿ

ಪುನೊಗೆ ಬಂದವರೆಲ್ಲ ಬೆಳಿಗ್ಗೆ ದೋಣಿ ಹತ್ತಿ, ಜೊಂಡಿನ ಮೇಲೆ ತೇಲುವ ಉರೋಸ್ ದ್ವೀಪಗಳಿಗೆ ಹೋಗುತ್ತಾರೆ. ನಾನು ದಕ್ಷಿಣಕ್ಕೆ ಹೋಗುವ ಒಂದು ವ್ಯಾನಿಗೆ ಹತ್ತಿದೆ. ನಮ್ಮ ಮ್ಯಾಕ್ಸಿ ಕ್ಯಾಬಿನ ಹಾಗೆಯೇ, ಹನ್ನೆರಡು ಸೀಟಿಗೆ ಹತ್ತೊಂಬತ್ತು ಜನ. ಬಾಗಿಲಲ್ಲಿ ಜೋತುಬಿದ್ದ ಹುಡುಗ 'ಆಕೋರಾ, ಇಲಾವೆ, ಆಕೋರಾ, ಇಲಾವೆ' ಎಂದು ಕೂಗುವ ಧಾಟಿಯಲ್ಲಿ ಹಾಸನ ಬಸ್‌ಸ್ಟ್ಯಾಂಡೇ ಇತ್ತು.

ಆಕೋರಾ ದಾಟಿದ ಮೇಲೆ ಹೊಲದಲ್ಲಿ ಏನೋ ಹರಡಿದ್ದು ಕಂಡಿತು. ದೂರದಿಂದ ಬೆಣಚುಕಲ್ಲು ಸುರಿದಂತೆ. ಇಳಿದುಬಿಟ್ಟೆ. ಅದು ಆಲೂಗಡ್ಡೆ, ಎಲ್ಲ ಸಣ್ಣ ಗಾತ್ರದ್ದು, ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿತ್ತು. ಒಂದನ್ನು ಎತ್ತಿ ನೋಡಿದರೆ ಗೋಲಿಯಂತೆ ಗಟ್ಟಿ. ಮೂವರು ಹೆಂಗಸರು, ಒಬ್ಬ ಮುದುಕ ಬಿಸಿಲು ಏರುವುದನ್ನು ಕಾಯುತ್ತ ಕೂತಿದ್ದರು. ಅವರು ಐಮಾರಾ ಜನ. ಹಿರಿಯಾಕೆಗೆ ಸ್ಪ್ಯಾನಿಷ್ ಬರುತ್ತಿತ್ತು. ಹೊರಗಿನವನು ಹೇಳದೆ ಕೇಳದೆ ಹೊಲಕ್ಕೆ ಕಾಲಿಟ್ಟದ್ದು ತಪ್ಪೆಂದು ಅರಿವಾಗಿ ಬದುವಿನಲ್ಲೇ ನಿಂತು, ನಾನೂ ಆಲೂಗಡ್ಡೆ ಬೆಳೆಯುವವರ ಮಗ ಅಂದೆ. ಆಕೆ ಸರಿದು ಜಾಗ ಮಾಡಿಕೊಟ್ಟಳು.

ಅವರು ಮಾಡುತ್ತಿದ್ದದ್ದು ಚುನ್ಯೊ. ಜೂನ್ ತಿಂಗಳಲ್ಲಿ ಇಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಚರ್ಮ ಸುಡುವ ಬಿಸಿಲು. ಗಡ್ಡೆಯನ್ನು ಮೂರು ನಾಲ್ಕು ರಾತ್ರಿ ಬಯಲಲ್ಲಿ ಬಿಡುತ್ತಾರೆ. ಹೆಪ್ಪುಗಟ್ಟಿ ಕರಗಿ, ಹೆಪ್ಪುಗಟ್ಟಿ ಕರಗಿ ಒಳಗಿನ ನಾರೆಲ್ಲ ಸಡಿಲವಾಗುತ್ತದೆ. ಆಮೇಲೆ ಸಣ್ಣ ಗುಡ್ಡೆ ಮಾಡಿ ಬರಿಗಾಲಲ್ಲಿ ತುಳಿಯುವುದು. ನೀರು ಹೊರಬರುತ್ತದೆ, ಸಿಪ್ಪೆ ಬಿಡುತ್ತದೆ. ಮತ್ತೆ ಕೆಲವು ದಿನ ಒಣಗಿಸಿದರೆ ಬೆಂಡಿನಂತೆ ಹಗುರ, ಕಲ್ಲಿನಂತೆ ಗಟ್ಟಿ. ಐದು ಮೂಟೆಗೆ ಒಂದು ಮೂಟೆ ಆಗುತ್ತದೆ ಎಂದಳು. ಆದರೆ ಆ ಒಂದು ಮೂಟೆ ವರ್ಷಗಟ್ಟಲೆ ಕೆಡುವುದಿಲ್ಲ. ಹಸಿಯಾಗಿ ತಿನ್ನಲಾಗದಷ್ಟು ಕಹಿಯಾದ ಲುಕಿ ಎಂಬ ತಳಿಯೂ ಹೀಗೆ ಮಾಡಿದರೆ ಊಟಕ್ಕಾಗುತ್ತದೆ. ಆ ಕಹಿ ತಳಿಯೇ ಚಳಿಗೆ ಜಗ್ಗದೆ ಬೆಳೆಯುವುದು. ಕೋಲ್ಡ್ ಸ್ಟೋರೇಜಿಗೆ ಬಾಡಿಗೆ ಕಟ್ಟಲಾಗದೆ, ಕೇಳಿದ ರೇಟಿಗೆ ಹೊಲದಲ್ಲೇ ಮಾರಿ ಕೈತೊಳೆದುಕೊಂಡ ಎಷ್ಟೋ ವರ್ಷಗಳು ನೆನಪಾದವು.

ಬಿಸಿಲು ಏರಿದ ಮೇಲೆ ನನಗೂ ಶೂ ಬಿಚ್ಚಲು ಹೇಳಿದಳು. ಮೊದಲ ಹೆಜ್ಜೆಗೆ ಚಳಿ ಮಂಡಿಯವರೆಗೂ ಹತ್ತಿತು. ಪಾದದಡಿ ಗಡ್ಡೆಗಳು ಪಿಚಪಿಚ ಎನ್ನುತ್ತ ಜಾರುತ್ತವೆ. ಹಿಮ್ಮಡಿ ಊರಬಾರದು, ಬೆರಳುಗಳಿಂದ ಹೊರಳಿಸಿ ಹೊರಳಿಸಿ ತುಳಿಯಬೇಕು. ನಾನು ಎರಡು ಗುಡ್ಡೆ ತುಳಿಯುವಷ್ಟರಲ್ಲಿ ಏದುಸಿರು ಬಿಟ್ಟೆ. ಆಕೆ ಹರಟುತ್ತಲೇ ಎಂಟು ಮುಗಿಸಿದ್ದಳು.

ನಿಮ್ಮಲ್ಲಿ ಹೇಗೆ ನೆಡುತ್ತೀರಿ ಅಂತ ಕೇಳಿದಳು. ದೊಡ್ಡ ಗಡ್ಡೆಯಾದರೆ ಮೊಳಕೆ ಬರುವ ಕಣ್ಣು ನೋಡಿಕೊಂಡು ಎರಡು ಮೂರು ಹೋಳು ಮಾಡಿ ನೆಡುತ್ತೇವೆ ಅಂದೆ. ಆಕೆ ತುಳಿಯುವುದನ್ನು ನಿಲ್ಲಿಸಿದಳು. ಉಳಿದವರಿಗೆ ಐಮಾರಾದಲ್ಲಿ ಹೇಳಿದಳು. ಎಲ್ಲರೂ ನನ್ನ ಕಡೆ ನೋಡಿದರು.

"ಕೊಯ್ಯುತ್ತೀರಾ? ಬೀಜವನ್ನಾ?"

ಅವರು ಕೋಳಿಮೊಟ್ಟೆ ಗಾತ್ರದ ಇಡೀ ಗಡ್ಡೆಯನ್ನೇ ಮಣ್ಣಿಗಿಡುತ್ತಾರೆ. ಬಿತ್ತನೆ ಗಡ್ಡೆಯನ್ನು ದುಡ್ಡು ಕೊಟ್ಟು ಎರಡು ಸಾವಿರ ಕಿಲೋಮೀಟರಿಗೂ ಆಚೆಯಿಂದ ತರುತ್ತೇವೆ, ಅದಕ್ಕೇ ಕೊಯ್ಯುವುದು ಅಂತ ವಿವರಿಸುವಾಗ ಮೈ ಹಿಡಿಯಾದಂತಾಯಿತು. ಅವರ ಬಿತ್ತನೆ ಅವರ ಮನೆಯ ಮೂಲೆಯಲ್ಲೇ ಇತ್ತು.

ಮಧ್ಯಾಹ್ನ ಮುದುಕ ಮಣ್ಣಿನ ಹೆಂಟೆಗಳನ್ನು ಗೋಪುರದಂತೆ ಪೇರಿಸಿ ಒಳಗೆ ಬೆಂಕಿ ಹಾಕಿದ. ಹೆಂಟೆ ಕೆಂಪಗೆ ಕಾದ ಮೇಲೆ ಗಡ್ಡೆಗಳನ್ನು ಒಳಗೆಸೆದು ಗೋಪುರವನ್ನು ಅದರ ಮೇಲೇ ಕೆಡವಿದ. ಇದಕ್ಕೆ ವಾತಿಯಾ ಎನ್ನುತ್ತಾರೆ. ಅರ್ಧ ಗಂಟೆಯ ಮೇಲೆ ಅಗೆದು ತೆಗೆದು, ಸಿಪ್ಪೆ ಸುಲಿದು, ಚಾಕೊ ಎಂಬ ತಿನ್ನುವ ಜೇಡಿಯನ್ನು ಉಪ್ಪುನೀರಲ್ಲಿ ಕಲಸಿ, ಅದರಲ್ಲಿ ಅದ್ದಿ ಕೊಟ್ಟರು. ಬಸುರಿಯರು ಮಣ್ಣು ತಿನ್ನುವುದನ್ನು ಊರಲ್ಲಿ ನೋಡಿದ್ದೇನೆ. ಊಟದ ಜೊತೆ ವ್ಯಂಜನವಾಗಿ ಮಣ್ಣು ತಿಂದದ್ದು ಅದೇ ಮೊದಲು. ಮೊದಲ ಮಳೆಯ ವಾಸನೆ ಬಾಯೊಳಗೆ ಬಂದಂತಿತ್ತು. ನನ್ನ ಬಾಳಿನಲ್ಲಿ ತಿಂದ ಆಲೂಗಡ್ಡೆಗಳಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ನಾಲ್ಕನೇ ದಿನ: ಕಸಾನಿ ಗಡಿ, ಕೊಪಾಕಬಾನಾ

ಪುನೊದಿಂದ ಮೂರು ಗಂಟೆಗೆ ಗಡಿ. ಬಸ್ಸಿನವರು ಇಳಿಸುತ್ತಾರೆ. ಪೆರುವಿನ ಕಡೆ ಹೊರಹೋಗುವ ಮುದ್ರೆ ಒತ್ತಿಸಿಕೊಂಡು, ಕಲ್ಲಿನ ಕಮಾನಿನ ಕೆಳಗೆ ನಡೆದೇ ದಾಟಿ, ಬೊಲಿವಿಯಾ ಕಚೇರಿಯಲ್ಲಿ ಇನ್ನೊಂದು ಮುದ್ರೆ. ಬಸ್ಸು ಆಚೆ ಕಾಯುತ್ತಿರುತ್ತದೆ. ಆ ಐವತ್ತು ಮಾರು ದಾರಿಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಮುಂದಿನ ಬಸ್ಸು ಹಿಡಿಯುವವರು ಇದನ್ನು ಮರೆಯಬಾರದು. ನನ್ನ ಪಾಸ್‌ಪೋರ್ಟನ್ನು ಅಧಿಕಾರಿ ಹಿಂದೆ ಮುಂದೆ ತಿರುವಿ ನೋಡಿ, ಹಳದಿ ಕಾರ್ಡು ಕೇಳಿ, ನಕ್ಕು ಮುದ್ರೆ ಒತ್ತಿದರು.

ಕೊಪಾಕಬಾನಾದಲ್ಲಿ ಬಿಳಿಯ ದೊಡ್ಡ ಬಸಿಲಿಕಾ. ಒಳಗಿರುವ ಮೇರಿ ಮಾತೆಯ ವಿಗ್ರಹವನ್ನು ಫ್ರಾನ್ಸಿಸ್ಕೊ ಟಿಟೊ ಯುಪಾಂಕಿ ಎಂಬ ಇಂಕಾ ಮನೆತನದ ಶಿಲ್ಪಿ 1583ರ ಹೊತ್ತಿಗೆ ಕಡೆದ. ಬ್ರೆಜಿಲಿನ ಹೆಸರಾಂತ ಕಡಲತೀರಕ್ಕೆ ಹೆಸರು ಬಂದದ್ದು ಈ ಊರಿನಿಂದಲೇ. ಬಸಿಲಿಕಾದ ಮುಂದೆ ಸಾಲಾಗಿ ನಿಂತ ವಾಹನ ನೋಡಿ ಕಣ್ಣು ನಂಬಲಿಲ್ಲ. ಲಾರಿ, ವ್ಯಾನು, ಹೊಸ ಕಾರು, ಎಲ್ಲಕ್ಕೂ ಮೂತಿ ತುಂಬ ಹೂವಿನ ಹಾರ, ಬಣ್ಣದ ಕಾಗದದ ಮಾಲೆ. ಪಾದ್ರಿಗಳು ತೀರ್ಥ ಚಿಮುಕಿಸುತ್ತ ಬಂದರು, ಬಾನೆಟ್ ತೆಗೆಸಿ ಎಂಜಿನ್ನಿಗೂ ಚಿಮುಕಿಸಿದರು. ಮನೆಯವರು ಚಕ್ರಕ್ಕೆ ಬಿಯರ್ ಸುರಿದು ಪಟಾಕಿ ಹೊಡೆದರು. ಗಡಿಯಾಚೆಯಿಂದಲೂ ಪೆರುವಿನ ಗಾಡಿಗಳು ಇದಕ್ಕೆಂದೇ ಬರುತ್ತವೆ. ನಿಂಬೆಹಣ್ಣು ಕುಂಬಳಕಾಯಿ ಎರಡಿದ್ದಿದ್ದರೆ ಸಾಕ್ಷಾತ್ ಆಯುಧಪೂಜೆ. ಒಬ್ಬ ಲಾರಿ ಡ್ರೈವರಿಗೆ ನಮ್ಮ ಟ್ರ್ಯಾಕ್ಟರ್ ಪೂಜೆಯ ಫೋಟೊ ತೋರಿಸಿದೆ. ಆತ ಅದನ್ನು ತನ್ನ ಹೆಂಡತಿ ಮಕ್ಕಳಿಗೆಲ್ಲ ತೋರಿಸಿ, ನನ್ನ ತಲೆಯ ಮೇಲೂ ಒಂದು ಹಿಡಿ ಹೂವಿನ ದಳ ಸುರಿದ.

ಐದು, ಆರನೇ ದಿನ: ಟಿಕಿನಾ, ಲಾ ಪಾಸ್

ಟಿಕಿನಾದಲ್ಲಿ ಸರೋವರ ಕಿರಿದಾಗುತ್ತದೆ. ಪ್ರಯಾಣಿಕರು ಸಣ್ಣ ದೋಣಿಯಲ್ಲಿ, ಬಸ್ಸು ಬೇರೆಯಾಗಿ ಮರದ ತೆಪ್ಪದ ಮೇಲೆ. ನಮ್ಮ ಸಾಮಾನನ್ನೆಲ್ಲ ಹೊತ್ತ ಬಸ್ಸು ಅಲೆಯ ಮೇಲೆ ಓಲಾಡುವುದನ್ನು ನೋಡುತ್ತ ದಡದಲ್ಲಿ ನಿಂತ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಪಾಸ್‌ಪೋರ್ಟು, ದುಡ್ಡು ಯಾವತ್ತೂ ಮೈಮೇಲೇ ಇರಲಿ. ದಡದಲ್ಲಿ ಬೊಲಿವಿಯಾ ನೌಕಾಪಡೆಯ ನೆಲೆಯಿದೆ. 1879ರಲ್ಲಿ ಚಿಲಿಯೊಂದಿಗೆ ಶುರುವಾದ ಯುದ್ಧದಲ್ಲಿ ಈ ದೇಶ ತನ್ನ ಕಡಲತೀರವನ್ನೆಲ್ಲ ಕಳೆದುಕೊಂಡಿತು. ನೌಕಾಪಡೆಯನ್ನು ಬಿಟ್ಟಿಲ್ಲ, ಪ್ರತಿ ಮಾರ್ಚ್ 23ಕ್ಕೆ ಸಮುದ್ರದ ದಿನ ಆಚರಿಸುತ್ತಾರೆ. ದೋಣಿಯಲ್ಲಿ ಪಕ್ಕದಲ್ಲಿದ್ದ ಶಾಲಾ ಮೇಷ್ಟರೊಬ್ಬರು ಇದನ್ನು ಹೇಳುವಾಗ ನಿನ್ನೆ ಮೊನ್ನೆ ಜಮೀನು ಹೋದವರ ದನಿಯಿತ್ತು.

ಎಲ್ ಆಲ್ಟೊದಲ್ಲಿ ಬಸ್ಸಿಳಿದು ಕೆಂಪು ಮಾರ್ಗದ ಕೇಬಲ್ ಕಾರ್ ಹಿಡಿದೆ. 4,100 ಮೀಟರ್ ಎತ್ತರದ ಬಯಲಿನ ಅಂಚಿನಿಂದ ಬಟ್ಟಲಿನಂಥ ಲಾ ಪಾಸ್ ಒಳಗೆ ಇಳಿಯುವುದು ಹೀಗೆಯೇ ಚೆಂದ. ಇದು 2014ರಿಂದ ಇಲ್ಲಿನ ಜನರ ಸಿಟಿ ಬಸ್ಸು. ಕೆಳಗೆ ಇಟ್ಟಿಗೆ ಬಣ್ಣದ ಸಾವಿರಾರು ಮನೆ, ಸ್ಮಶಾನ, ಒಗೆದು ಹರವಿದ ಬಟ್ಟೆ, ದೂರದಲ್ಲಿ ಇಲ್ಲಿಮಾನಿ ಹಿಮಪರ್ವತ.

ರೊಡ್ರಿಗೆಸ್ ಮಾರುಕಟ್ಟೆಯಲ್ಲಿ ಅಪ್ಪನಿಗೆ ತೋರಿಸಲು ಒಂದು ಕಿಲೋ ಒಣ ಚುನ್ಯೊ ಕೊಂಡೆ. ಪುಟ್ಟ ಬೌಲರ್ ಟೋಪಿ, ನೆರಿಗೆ ಲಂಗದ ಆಕೆ ತೂಗಿ ಕೊಟ್ಟ ಮೇಲೂ ನಾನು ನಿಂತೇ ಇದ್ದೆ. ಪಕ್ಕದವರು ಹೇಳಿಕೊಟ್ಟರು, 'ಯಾಪಾ' ಅಂತ ಕೇಳು. ಕೇಳಿದೆ. ಆಕೆ ನಕ್ಕು ಇನ್ನೊಂದು ಹಿಡಿ ಹಾಕಿದಳು. ಯಾಪಾ ಅಂದರೆ ನಮ್ಮ ಕೊಸರು! ಆ ಮಾತು ಗೊತ್ತಾದ ಮೇಲೆ ಮಾರುಕಟ್ಟೆ ಪರದೇಶ ಅನ್ನಿಸಲಿಲ್ಲ.

ಏಳನೇ ದಿನ: ರಸ್ತೆ ತಡೆ

ಉಯುನಿಗೆ ರಾತ್ರಿ ಬಸ್ಸು. ಬೆಳಗಿನ ಜಾವ ಎಚ್ಚರವಾದಾಗ ಬಸ್ಸು ನಿಂತಿತ್ತು, ಕಿಟಕಿಯ ಒಳಗಡೆಯೇ ಮಂಜುಗಡ್ಡೆ ಕಟ್ಟಿತ್ತು. ಮುಂದೆ ಕಲ್ಲು, ಟಯರು, ಬೆಂಕಿ. ಬ್ಲೊಕೆಯೊ, ರಸ್ತೆ ತಡೆ. ಹಳ್ಳಿಯವರು ನೀರಿನ ಕೊಳವೆಗಾಗಿ ಕೂತಿದ್ದರು. ಬೊಲಿವಿಯಾದಲ್ಲಿ ಇದು ಆಗಾಗ ಆಗುವ ಸಂಗತಿ. ಹತ್ತು ದಿನದ ಪ್ರವಾಸವಾದರೆ ಒಂದು ದಿನವನ್ನು ಇದಕ್ಕೆಂದು ಖಾಲಿ ಬಿಡುವುದು ಕ್ಷೇಮ. ಮೂರು ದೇಶ ಒಂದು ವಾರ ಎಂದು ಗಂಟೆ ಲೆಕ್ಕದಲ್ಲಿ ಹೊರಡುವವರು ಇಲ್ಲಿ ದೇಶವನ್ನೇ ಬೈದುಕೊಂಡು ಹೋಗುತ್ತಾರೆ. ಅದು ಸರಿಯಲ್ಲ.

ಒಂಬತ್ತು ಗಂಟೆಗೆ ಚೀಲ ಹೊತ್ತು ನಡೆಯತೊಡಗಿದೆವು. ಆಚೆ ತುದಿಯಲ್ಲಿ ಬೇರೆ ಬಸ್ಸು ಸಿಗುತ್ತದೆ ಎಂದರು. ತಡೆಯ ನಡುವೆ ಹೆಂಗಸರು ರಸ್ತೆಯ ಮೇಲೆ ಉದ್ದಕ್ಕೆ ಕಂಬಳಿ ಹಾಸಿ, ಒಬ್ಬೊಬ್ಬರೂ ತಮ್ಮ ಗಂಟು ಬಿಚ್ಚಿ ಬೇಯಿಸಿದ ಆಲೂಗಡ್ಡೆ, ಚುನ್ಯೊ, ಅವರೆಯಂಥ ಕಾಳು, ಉಪ್ಪಿನ ಚೀಸ್ ಎಲ್ಲವನ್ನೂ ಒಂದೇ ರಾಶಿ ಮಾಡಿದ್ದರು. ಇದಕ್ಕೆ ಆಪ್ತಾಪಿ ಅನ್ನುತ್ತಾರೆ. ತಂದದ್ದು ಯಾರೇ ಆಗಲಿ, ತಿನ್ನುವುದು ಎಲ್ಲರೂ. ನಮ್ಮನ್ನೂ ಕೂರಿಸಿದರು. ತಟ್ಟೆಯಿಲ್ಲ, ಚಮಚೆಯಿಲ್ಲ, ಕೈಯಲ್ಲೇ. ನನ್ನ ಚೀಲದ ತಳದಲ್ಲಿದ್ದ ಅಮ್ಮನ ಚಟ್ನಿಪುಡಿ ಡಬ್ಬ ತೆಗೆದು ರಾಶಿಯ ಪಕ್ಕ ಇಟ್ಟೆ. ಒಬ್ಬ ಅಜ್ಜಿ ಗಡ್ಡೆಯನ್ನು ಅದರಲ್ಲಿ ಅದ್ದಿ ತಿಂದು, ಕಣ್ಣು ಮುಚ್ಚಿ, ಮತ್ತೆ ಅದ್ದಿದಳು. ಐದು ನಿಮಿಷಕ್ಕೆ ಡಬ್ಬ ಖಾಲಿ. ಕಡಲೆಕಾಯಿ, ಒಣಮೆಣಸಿನಕಾಯಿ ಎರಡೂ ಅಮೆರಿಕ ಖಂಡಗಳಿಂದಲೇ ನಮ್ಮಲ್ಲಿಗೆ ಬಂದವಲ್ಲ, ತವರಿನವರ ಬಾಯಿಗೆ ಹಿಡಿಸದಿರುತ್ತದೆಯೇ?

ಎಂಟರಿಂದ ಹತ್ತನೇ ದಿನ: ಉಪ್ಪಿನ ಬಯಲು, ಚಿಲಿ

ಉಯುನಿಯಿಂದ ಮುಂದೆ ಬಸ್ ದಾರಿಯಿಲ್ಲದ ಕಡೆ ಮೂರು ದಿನದ ಜೀಪು. 10 ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ಉಪ್ಪಿನ ಬಯಲನ್ನು ವರ್ಣಿಸುವ ಶಕ್ತಿ ನನಗಿಲ್ಲ. ಬಿಳುಪು, ಆಕಾಶ, ಅಷ್ಟೇ.

ಮೊದಲ ರಾತ್ರಿಯೇ ಡ್ರೈವರು ಹೇಳಿದ: ಚಿಲಿ ಗಡಿಯಲ್ಲಿ ಹಣ್ಣು, ತರಕಾರಿ, ಬೀಜ, ಕೋಕಾ ಎಲೆ ಏನೂ ಒಳಗೆ ಬಿಡುವುದಿಲ್ಲ, ಚುನ್ಯೊ ಕೂಡ ಕಷ್ಟವೇ. ಒಂದು ಗಡ್ಡೆಯ ಜೊತೆ ಎಂಥ ರೋಗ ಗಡಿ ದಾಟಬಹುದು ಅಂತ ಆಲೂಗಡ್ಡೆಯವರ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ರಾತ್ರಿ ಚುನ್ಯೊವನ್ನು ಅಗಲ ಬಾಯಿಯ ಕ್ಯಾನಿನಲ್ಲಿ ನೆನೆಹಾಕಿ, ಮರುದಿನವೆಲ್ಲ ಜೀಪಿನಲ್ಲಿ ಮಡಿಲಲ್ಲಿಟ್ಟುಕೊಂಡು, ಕೆಂಪು ನೀರಿನ ಲಗುನಾ ಕೊಲೊರಾಡಾದ ಫ್ಲೆಮಿಂಗೊಗಳನ್ನೂ ಅದನ್ನು ತಬ್ಬಿಕೊಂಡೇ ನೋಡಿದೆ. ಸಂಜೆ ತಂಗುಮನೆಯ ಅಡುಗೆಯಾಕೆ ಅದನ್ನು ಮಾಂಸದ ಸಾರಿಗೆ ಹಾಕಿ ಕುದಿಸಿದಳು. ಮಣ್ಣಿನ ಕಂಪು, ಸ್ವಲ್ಪ ಹುಳಿ, ಅಣಬೆಯಂಥ ಮೆದು. ಆರೂ ಮಂದಿ ಉಂಡೆವು.

ಮರುದಿನ ಬೆಳಿಗ್ಗೆ ಹಿತೊ ಕಹೋನ್ ಗಡಿ. ಅಲ್ಲಿಂದ ಮತ್ತೆ ಬಸ್ಸು. ಸುಮಾರು 4,500 ಮೀಟರಿನಿಂದ 2,400ಕ್ಕೆ ಒಂದೇ ಇಳಿಜಾರು, ಒಂದು ಗಂಟೆಯೊಳಗೆ ಸಾನ್ ಪೆದ್ರೊ ದೆ ಅಟಕಾಮಾ. ಕಿವಿ ತೆರೆದು, ಹತ್ತು ದಿನದಲ್ಲಿ ಮೊದಲ ಸಲ ಉಸಿರು ಹೊಟ್ಟೆಯವರೆಗೂ ಹೋಯಿತು.

ಸಂಜೆ ಏಳಕ್ಕೆ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಜಾವ ನಾಲ್ಕೂವರೆ, ಅಪ್ಪ ಹಾಲು ಕರೆಯುವ ಹೊತ್ತು.

"ಏನ್ಲಾ, ಉಂಡ್ಯಾ?"

ಚುನ್ಯೊ ತುಳಿದದ್ದು, ಮಣ್ಣಿನ ಚಟ್ನಿ, ನಾಲ್ಕು ಸಾವಿರ ತಳಿ ಎಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. ಕೊನೆಗೆ, "ಬಿತ್ನೆಗೆ ಎಷ್ಟು ಕಣ್ಣು ಬಿಟ್ಟು ಕೊಯ್ತಾರಂತೆ?" ಅಂದ.

"ಕೊಯ್ಯಲ್ವಂತಪ್ಪ. ಇಡೀ ಗಡ್ಡೇನೆ ನೆಡ್ತಾರೆ."

"ಇಡೀ ಗಡ್ಡೇನಾ?"

ಹಸುವಿನ ಕೊರಳ ಗಂಟೆ ಕೇಳಿಸಿತು, ಪಾತ್ರೆ ಪಕ್ಕಕ್ಕಿಟ್ಟ ಸದ್ದೂ ಕೇಳಿಸಿತು.

"ಹಂಗಾದ್ರೆ ಎಕರೆಗೆ ಎಷ್ಟು ಮೂಟೆ ಬೇಕಾಯ್ತದೆ?" ಅಂದವನು ನನ್ನ ಉತ್ತರಕ್ಕೆ ಕಾಯದೆ ತಾನೇ ಲೆಕ್ಕ ಹಾಕತೊಡಗಿದ.